ಸರ್ಕಾರಿ ಅಂಚೆ ಟೆಂಡರ್ ಕರೆಯದೆ ವ್ಯಾನ್ ಕೊಳ್ಳಬಹುದಾ?

ಪ್ರಶ್ನೆ: ಯುರೋಪಿನಲ್ಲಿ ಸರ್ಕಾರಿ ಅಂಚೆ ಕಂಪನಿಗಳಿಗೆ ಟೆಂಡರ್ ನಿಯಮದಿಂದ ವಿನಾಯಿತಿ ಕೊಡ್ತಾರೆ ಅಂತ ಓದಿದೆ. ‘ಸ್ಪರ್ಧೆ ಇದೆ’ ಅನ್ನೋದೇ ಅದಕ್ಕೆ ಕಾರಣವಂತೆ. ಸರ್ಕಾರಕ್ಕೆ ಸೇರಿದ ಸಂಸ್ಥೆ ಟೆಂಡರ್ ಇಲ್ಲದೆ ಖರೀದಿ ಮಾಡಿದರೆ ಅದು ಲಂಚಕ್ಕೆ ದಾರಿ ಅಲ್ವಾ?

ಉತ್ತರ: ನಮಗೆ ಈ ಅನುಮಾನ ಬರುವುದು ಸಹಜ. ಕರ್ನಾಟಕದಲ್ಲಿ ಸರ್ಕಾರಿ ಖರೀದಿಗೆ 1999ರ ಕೆಟಿಪಿಪಿ (ಸಾರ್ವಜನಿಕ ಖರೀದಿಯಲ್ಲಿ ಪಾರದರ್ಶಕತೆ) ಕಾಯ್ದೆ ಇದೆ. ಅದರ 4(ಜಿ) ಕಲಮಿನಡಿ ಟೆಂಡರ್ ಇಲ್ಲದೆ ಕೊಳ್ಳಲು ಕೊಡುವ ವಿನಾಯಿತಿ ಸುದ್ದಿಗೆ ಬಂದಾಗಲೆಲ್ಲ ‘ಯಾರಿಗೆ ಕೊಡಬೇಕು ಅಂತ ಮೊದಲೇ ತೀರ್ಮಾನ ಆಗಿತ್ತಾ?’ ಅನ್ನುವ ಮಾತು ಹಿಂದೆಯೇ ಬರುತ್ತದೆ. ಅಲ್ಲಿ ಸರ್ಕಾರದ ಖರೀದಿಗೆ ಸರ್ಕಾರವೇ ಅಧಿಸೂಚನೆ ಹೊರಡಿಸಿ ವಿನಾಯಿತಿ ಕೊಡುತ್ತದೆ. ಹಾಗಾಗಿ ಜನ ಕೇಳುವುದರಲ್ಲಿ ತಪ್ಪಿಲ್ಲ.

ಯುರೋಪಿನ ಅಂಚೆ ವಿನಾಯಿತಿ ಬೇರೆ ಜಾತಿಯದು. ಅಲ್ಲಿ ಅಂಚೆಯ ಪರವಾಗಿ ಅರ್ಜಿ ಹೋಗಬೇಕು. ತೀರ್ಮಾನ ಮಾಡುವುದು ಆ ದೇಶದ ಸರ್ಕಾರ ಅಲ್ಲ, ಬ್ರಸೆಲ್ಸ್‌ನಲ್ಲಿರುವ ಯುರೋಪಿಯನ್ ಕಮಿಷನ್, ಅಂದರೆ ಐರೋಪ್ಯ ಒಕ್ಕೂಟದ ಆಡಳಿತ ಸಂಸ್ಥೆ. ಕಮಿಷನ್ ನೋಡುವುದೂ ಯಾವುದೋ ಒಂದು ಖರೀದಿಯನ್ನಲ್ಲ. ಅಂಚೆ ತನ್ನ ಸೇವೆಯನ್ನು ಯಾವ ಮಾರುಕಟ್ಟೆಯಲ್ಲಿ ಮಾರುತ್ತದೋ ಆ ಮಾರುಕಟ್ಟೆಯನ್ನು ನೋಡುತ್ತದೆ. ಅಲ್ಲಿ ಗಿರಾಕಿ ಕೈಬಿಟ್ಟು ಹೋಗುವ ಭಯ ಅಂಚೆಗೆ ನಿಜವಾಗಿಯೂ ಇದೆಯಾ ಅನ್ನುವುದೇ ಮುಖ್ಯ. ಆ ಭಯ ಇದ್ದ ಕಡೆ ಮಾತ್ರ ಟೆಂಡರ್ ನಿಯಮ ಸಡಿಲ.

ಇಲ್ಲಿ ಒಂದು ಗೊಂದಲ ತುಂಬಾ ಜನರಿಗೆ ಇದೆ. ಸರ್ಕಾರಿ ಕಚೇರಿಯೊಂದು ತನ್ನ ಕಾಗದಪತ್ರ ಕಳಿಸಲು ಯಾವ ಕೊರಿಯರ್ ಹಿಡಿಯಬೇಕು ಅನ್ನುವ ವಿಷಯ ಇದಲ್ಲ. ಅದಕ್ಕೆ ಬೇರೆ ನಿಯಮ ಇದೆ. ಇದು ಅಂಚೆ ಕಂಪನಿಯೇ ಗಿರಾಕಿಯಾಗಿ ವ್ಯಾನ್, ಕಂಪ್ಯೂಟರ್, ವಿಂಗಡಣೆ ಯಂತ್ರ, ಗೋದಾಮು ಕಟ್ಟುವ ಕೆಲಸ ಇವನ್ನೆಲ್ಲ ಕೊಳ್ಳುವ ವಿಷಯ.

ಹಾಗಾದರೆ ಅಂಚೆಗೆ ಟೆಂಡರ್ ನಿಯಮ ಯಾಕೆ ಬಂತು? ಐರೋಪ್ಯ ಒಕ್ಕೂಟದಲ್ಲಿ ನೀರು, ವಿದ್ಯುತ್, ಸಾರಿಗೆ, ಅಂಚೆ ಈ ಬಾಬ್ತುಗಳಿಗೆ ಒಂದು ಪ್ರತ್ಯೇಕ ಖರೀದಿ ಕಾನೂನು ಇದೆ. ಈಗ ಜಾರಿಯಲ್ಲಿರುವುದು 2014ರದ್ದು, ಅದಕ್ಕೂ ಮೊದಲಿನದು 2004ರದ್ದು. ಈ ಕ್ಷೇತ್ರಗಳಲ್ಲಿ ಬಹಳ ಕಾಲ ಒಂದೊಂದು ದೇಶಕ್ಕೆ ಒಂದೇ ಸಂಸ್ಥೆ ಇತ್ತು. ಊರಿಗೆ ಒಂದೇ ಅಂಗಡಿ ಇದ್ದರೆ ಅಂಗಡಿಯವನು ಸಾಮಾನನ್ನು ಎಷ್ಟು ದುಬಾರಿಗೆ ತಂದರೂ ನಡೆಯುತ್ತದೆ. ಹೊರೆ ಗಿರಾಕಿಯ ತಲೆ ಮೇಲೆ. ಅವನು ಬೇಕಾದರೆ ತನ್ನ ಬಾವನ ಹತ್ತಿರವೇ ಕೊಳ್ಳಬಹುದು, ಯಾರೂ ಕೇಳುವವರಿಲ್ಲ. ಅಂಥವನನ್ನು ಕಟ್ಟಿಹಾಕಲು ಟೆಂಡರ್ ಬೇಕು. ಸ್ಪರ್ಧೆ ಇಲ್ಲದ ಜಾಗದಲ್ಲಿ ಸ್ಪರ್ಧೆ ಮಾಡಬೇಕಾದ ಕೆಲಸವನ್ನು ನಿಯಮ ಮಾಡುತ್ತದೆ.

2004ರಲ್ಲಿ ಆದದ್ದನ್ನು ನೋಡಿದರೆ ಈ ತರ್ಕ ಚೆನ್ನಾಗಿ ಕಾಣುತ್ತದೆ. ಅದುವರೆಗೆ ದೂರಸಂಪರ್ಕ ಈ ಕಾನೂನಿನ ಒಳಗಿತ್ತು. ಫೋನ್ ಕಂಪನಿಗಳ ನಡುವೆ ಪೈಪೋಟಿ ಬಂದಿದ್ದರಿಂದ ಅದನ್ನು ಹೊರಗೆ ಬಿಟ್ಟರು. ಅದೇ ಕಾನೂನಿನಲ್ಲಿ ಅಂಚೆಯನ್ನು ಒಳಗೆ ತಂದರು. ಅಂಚೆ ಆಗ ಅರ್ಧ ಬಾಗಿಲು ತೆರೆದ ಸ್ಥಿತಿಯಲ್ಲಿತ್ತು. ಸ್ವೀಡನ್ 1993ರಲ್ಲೇ ಪತ್ರಗಳ ಏಕಸ್ವಾಮ್ಯ ಬಿಟ್ಟಿತ್ತು. ಒಕ್ಕೂಟದ ಮಟ್ಟದಲ್ಲಿ ಮಾತ್ರ ಇದು ಹಂತಹಂತವಾಗಿ ನಡೆಯಿತು. ಮೊದಲು 350 ಗ್ರಾಂವರೆಗಿನ ಪತ್ರಗಳನ್ನು ದೇಶದ ಅಂಚೆಗೇ ಮೀಸಲಿಡಬಹುದಿತ್ತು. 2003ರಿಂದ ಅದು 100 ಗ್ರಾಂ ಆಯಿತು, 2006ರಿಂದ 50 ಗ್ರಾಂ. ಕೊನೆಗೆ ಬಹುತೇಕ ದೇಶಗಳಲ್ಲಿ 2010ರ ಕೊನೆಗೆ, ಉಳಿದವುಗಳಲ್ಲಿ 2012ರ ಕೊನೆಗೆ ಈ ಮೀಸಲು ಪೂರ್ತಿ ಹೋಯಿತು. ಪಾರ್ಸೆಲ್ ಮತ್ತು ಕೊರಿಯರ್‌ನಲ್ಲಿ ಅದಕ್ಕೂ ಎಷ್ಟೋ ಮೊದಲೇ ಖಾಸಗಿಯವರು ಓಡಾಡುತ್ತಿದ್ದರು.

ಹೀಗೆ ಅರ್ಧಕ್ಕೆ ನಿಂತ ಸ್ಥಿತಿಯ ಕಷ್ಟ ಏನು? ಪಾರ್ಸೆಲ್ ವಿಭಾಗಕ್ಕೆ ಒಂದು ವಿಂಗಡಣೆ ಯಂತ್ರ ಬೇಕು ಅಂದುಕೊಳ್ಳಿ. ಕ್ರಿಸ್‌ಮಸ್ ಹೊತ್ತಿಗೆ ಪಾರ್ಸೆಲ್ ರಾಶಿ ಬೀಳುತ್ತದೆ. ನವೆಂಬರ್ ಒಳಗೆ ಯಂತ್ರ ತಿರುಗುತ್ತಿರಬೇಕು. ಯುಪಿಎಸ್ ಥರದ ಖಾಸಗಿ ಪಾರ್ಸೆಲ್ ಕಂಪನಿ ಆದರೆ ಎರಡು ಮೂರು ತಯಾರಕರನ್ನು ಕರೆದು, ಚೌಕಾಸಿ ಮಾಡಿ, ಆರ್ಡರ್ ಕೊಟ್ಟುಬಿಡುತ್ತದೆ. ಅದಕ್ಕೆ ಈ ಕಾನೂನೇ ಅನ್ವಯಿಸುವುದಿಲ್ಲ. ಸರ್ಕಾರದ ಕೈಯಲ್ಲಿರುವ ಅಂಚೆಗೆ ಹಾಗಿಲ್ಲ. ಸಾಮಾನು ಅಥವಾ ಸೇವೆಯ ಬೆಲೆ ಸುಮಾರು 4 ಲಕ್ಷ ಯೂರೋ ದಾಟಿದರೆ ಇಡೀ ಒಕ್ಕೂಟಕ್ಕೆ ಕಾಣುವಂತೆ ಪ್ರಕಟಣೆ ಹೊರಡಿಸಬೇಕು. ಮುಕ್ತ ಟೆಂಡರ್ ಆದರೆ ಸಾಮಾನ್ಯವಾಗಿ 35 ದಿನ ಕಾಯಬೇಕು. ಯಾವ ಗುಣಕ್ಕೆ ಎಷ್ಟು ಅಂಕ ಅಂತ ಮೊದಲೇ ಬರೆದಿಡಬೇಕು. ಗೆದ್ದವರು ಯಾರು ಅಂತ ತಿಳಿಸಿದ ಮೇಲೆ ಕನಿಷ್ಠ 10 ದಿನ ಸಹಿ ಹಾಕುವಂತಿಲ್ಲ, ಸೋತವರು ತಕರಾರು ಎತ್ತಲು ಆ ಸಮಯ. ತಕರಾರು ಬಂತು ಅಂದರೆ ಎಲ್ಲವೂ ನಿಂತಲ್ಲೇ ನಿಲ್ಲಬಹುದು. ಇನ್ನೊಂದು ತೊಂದರೆ ಅಂದರೆ, ಅಂಚೆ ಯಾವ ಊರಿನಲ್ಲಿ ಎಷ್ಟು ಸಾಮರ್ಥ್ಯದ ಯಂತ್ರ ಹಾಕುತ್ತಿದೆ ಅನ್ನುವುದು ಪ್ರಕಟಣೆ ಓದಿದ ಎದುರಾಳಿಗೆ ಮೊದಲೇ ಗೊತ್ತಾಗಿಬಿಡುತ್ತದೆ.

ಒಂದೇ ಬೀದಿಯಲ್ಲಿ ಒಂದೇ ಗಿರಾಕಿಗಾಗಿ ಇಬ್ಬರು ಓಡುವಾಗ ಒಬ್ಬರ ಕಾಲಿಗೆ ಮಾತ್ರ ಕಟ್ಟು ಹಾಕುವುದು ನ್ಯಾಯ ಅಲ್ಲ. ಅದಕ್ಕೇ ಕಾನೂನಿನ ಒಳಗೇ ಒಂದು ಬಾಗಿಲು ಇಟ್ಟಿದ್ದಾರೆ. ಹಳೆಯ ಕಾನೂನಿನಲ್ಲಿ ಅದು 30ನೇ ವಿಧಿ, ಹೊಸದರಲ್ಲಿ 34ನೇ ವಿಧಿ.

ಆ ಬಾಗಿಲು ದಾಟಲು ಎರಡು ವಿಷಯ ಸಾಬೀತಾಗಬೇಕು. ಮೊದಲನೆಯದು, ಆ ಮಾರುಕಟ್ಟೆಗೆ ಯಾರು ಬೇಕಾದರೂ ಬರಬಹುದು. ಇದು ಸುಲಭ. ಒಕ್ಕೂಟದ ಅಂಚೆ ಕಾನೂನನ್ನು ದೇಶ ಸರಿಯಾಗಿ ಜಾರಿ ಮಾಡಿದ್ದರೆ ಬಾಗಿಲು ತೆರೆದಿದೆ ಅಂತಲೇ ಲೆಕ್ಕ. ಎರಡನೆಯದೇ ಕಷ್ಟ. ಆ ಸೇವೆ ನೇರವಾಗಿ ಪೈಪೋಟಿಗೆ ಒಡ್ಡಿಕೊಂಡಿರಬೇಕು. ಕಾಗದದ ಮೇಲೆ ಬಾಗಿಲು ತೆರೆದಿದ್ದರೆ ಸಾಲದು, ಯಾರಾದರೂ ಒಳಗೆ ಬಂದಿರಬೇಕು. ಯಾರ ಪಾಲು ಎಷ್ಟು, ಗಿರಾಕಿಗೆ ಬೇರೆ ದಾರಿ ಇದೆಯಾ, ಬೆಲೆ ಹೇಗೆ ಓಡುತ್ತಿದೆ ಅಂತ ಕಮಿಷನ್ ಲೆಕ್ಕ ಹಾಕುತ್ತದೆ. ಸಾಮಾನ್ಯವಾಗಿ ಇದಕ್ಕೆ 90 ಕೆಲಸದ ದಿನಗಳ ಗಡುವು. ಮುಕ್ತ ಪ್ರವೇಶವನ್ನೂ ಬೇರೆಯಾಗಿ ಸಾಬೀತು ಮಾಡಬೇಕಿದ್ದರೆ 130. ಗಡುವಿನೊಳಗೆ ಕಮಿಷನ್ ಬಾಯಿ ಬಿಡದಿದ್ದರೆ ವಿನಾಯಿತಿ ಸಿಕ್ಕಿದೆ ಅಂತಲೇ ಅರ್ಥ. ಕೊನೆಯ ಈ ಸಾಲು ನನಗೆ ಹಿಡಿಸುವುದಿಲ್ಲ. ಸಾರ್ವಜನಿಕ ಕಾವಲನ್ನು ತೆಗೆಯುವಾಗ ಯಾರಾದರೂ ಸ್ಪಷ್ಟವಾಗಿ ‘ಹೌದು’ ಅನ್ನಬೇಕು, ಸುಮ್ನೆ ದಿನ ಕಳೆದದ್ದರಿಂದ ಅದು ಆಗಬಾರದು.

ಈವರೆಗಿನ ತೀರ್ಮಾನಗಳನ್ನು ನೋಡಿದರೆ ಅವುಗಳಲ್ಲಿ ‘ಕೆಲವು’ ಅನ್ನುವ ಪದ ಮತ್ತೆ ಮತ್ತೆ ಸಿಗುತ್ತದೆ. 2007ರ ಮಾರ್ಚ್‌ನಲ್ಲಿ ಡೆನ್ಮಾರ್ಕ್‌ನ ಕೆಲವು ಕೊರಿಯರ್ ಮತ್ತು ಪಾರ್ಸೆಲ್ ಸೇವೆಗಳಿಗೆ ವಿನಾಯಿತಿ ಸಿಕ್ಕಿತು. ಅದೇ ವರ್ಷ ಆಗಸ್ಟ್‌ನಲ್ಲಿ ಫಿನ್ಲೆಂಡಿನ ಕೆಲವು ಅಂಚೆ ಸೇವೆಗಳಿಗೆ. 2008ರಲ್ಲಿ ಇಟಲಿಯ ಎಕ್ಸ್‌ಪ್ರೆಸ್ ಮತ್ತು ಕೊರಿಯರ್ ಸೇವೆಗೆ. ಆಮೇಲೆ ಸ್ವೀಡನ್, ಹಂಗೇರಿ, ಆಸ್ಟ್ರಿಯಾ. ಇಟಲಿಗೆ 2010ರಲ್ಲಿ ಇನ್ನೊಂದು ಸಿಕ್ಕಿತು, ಅದು ಅಂಚೆಯ ಕೆಲವು ಹಣಕಾಸು ಸೇವೆಗಳಿಗೆ. ನಮ್ಮ ಅಂಚೆ ಕಚೇರಿಯಲ್ಲಿ ಉಳಿತಾಯ ಖಾತೆ ಇರುವ ಹಾಗೆ ಅಲ್ಲಿನ ಅಂಚೆಗೂ ಹಣದ ವ್ಯವಹಾರ ಇದೆ. ಅಲ್ಲಿ ಅದರ ಎದುರಾಳಿ ಕೊರಿಯರ್ ಅಲ್ಲ, ಬ್ಯಾಂಕು.

ಫಿನ್ಲೆಂಡಿನ ತೀರ್ಮಾನದ ತಲೆಬರಹವೇ ಗಮನ ಸೆಳೆಯುತ್ತದೆ. ‘ಓಲಂಡ್ ದ್ವೀಪಗಳನ್ನು ಬಿಟ್ಟು’ ಅಂತ ಅದರಲ್ಲೇ ಇದೆ. ಓಲಂಡ್ ಫಿನ್ಲೆಂಡಿಗೆ ಸೇರಿದ ಸ್ವಾಯತ್ತ ದ್ವೀಪ ಸಮೂಹ. ಅಲ್ಲಿನವರಿಗೆ ತಮ್ಮದೇ ಅಂಚೆ ಇದೆ, 1984ರಿಂದ ತಮ್ಮದೇ ಅಂಚೆಚೀಟಿಯೂ ಇದೆ. ದೇಶ ಒಂದೇ ಆದರೂ ಮಾರುಕಟ್ಟೆ ಒಂದೇ ಆಗಬೇಕಿಲ್ಲ. ಹೆಲ್ಸಿಂಕಿಯಲ್ಲಿ ಪೈಪೋಟಿ ಇದೆ ಅಂತ ದ್ವೀಪಕ್ಕೂ ಸೇರಿಸಿ ಬರೆದುಬಿಡಲು ಬರುವುದಿಲ್ಲ.

ಇಡೀ ವಿಷಯದಲ್ಲಿ ನನಗೆ ತುಂಬಾ ಮೆಚ್ಚುಗೆಯಾಗುವುದು ಈ ಬಿಡಿಬಿಡಿಯಾಗಿ ನೋಡುವ ಕ್ರಮವೇ. ವಿನಾಯಿತಿ ಕಂಪನಿಗೆ ಅಲ್ಲ, ಸೇವೆಗೆ. ಯಾಕೆ ಹೀಗೆ ನೋಡಬೇಕು ಅನ್ನುವುದಕ್ಕೆ ಸ್ವೀಡನ್ನಿನ ಸಿಟಿಮೇಲ್ ಒಳ್ಳೆಯ ಉದಾಹರಣೆ. 1991ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಶುರುವಾದ ಖಾಸಗಿ ಕಂಪನಿ ಅದು. ಬ್ಯಾಂಕಿನ ಸ್ಟೇಟ್‌ಮೆಂಟ್, ಬಿಲ್ಲು, ಇಂಥ ರಾಶಿ ಪತ್ರಗಳನ್ನು ಹಿಡಿದು, ಮನೆಗಳು ಒತ್ತೊತ್ತಾಗಿರುವ ನಗರಗಳಲ್ಲಿ ಹಂಚಿತು. ಅದೂ ದಿನಾ ಅಲ್ಲ, ಮೂರು ದಿನಕ್ಕೊಮ್ಮೆ. ಉತ್ತರದ ಹಿಮದ ಊರಿನಲ್ಲಿರುವ ಅಜ್ಜಿಗೆ ಮೊಮ್ಮಗಳು ಬರೆದ ಒಂಟಿ ಪತ್ರ ಅದರ ವ್ಯಾಪಾರ ಆಗಿರಲಿಲ್ಲ. ಒಬ್ಬ ಪೋಸ್ಟ್‌ಮ್ಯಾನ್ ಚೀಲದಲ್ಲಿ ಎರಡೂ ಥರದ ಪತ್ರ ಇರಬಹುದು. ಆದರೆ ಒಂದಕ್ಕೆ ಪೈಪೋಟಿ ಇದೆ, ಇನ್ನೊಂದಕ್ಕೆ ಇಲ್ಲ.

ಆ ಚೀಲದಿಂದಲೇ ತಲೆನೋವೂ ಹುಟ್ಟುತ್ತದೆ. ಪಾರ್ಸೆಲ್‌ಗೆ ವಿನಾಯಿತಿ ಇದೆ, ಪತ್ರಕ್ಕೆ ಇಲ್ಲ ಅಂತಿಟ್ಟುಕೊಳ್ಳಿ. ವ್ಯಾನಿನಲ್ಲಿ ಎರಡೂ ಹೋಗುತ್ತವೆ. ಆಗ ವ್ಯಾನ್ ಕೊಳ್ಳಲು ಟೆಂಡರ್ ಬೇಕಾ, ಬೇಡವಾ? ಕಾನೂನು ಹೇಳುವುದು ಇಷ್ಟು: ಆ ಖರೀದಿ ಮುಖ್ಯವಾಗಿ ಯಾವ ಕೆಲಸಕ್ಕೆ ಅಂತ ನೋಡಿ, ಅದರ ನಿಯಮ ಹಿಡಿಯಿರಿ. ಯಾವುದು ಮುಖ್ಯ ಅಂತ ಬಿಡಿಸಿ ಹೇಳಲು ಆಗದಿದ್ದರೆ ಟೆಂಡರ್ ಕರೆಯಿರಿ. ಅನುಮಾನ ಬಂದರೆ ಕಾವಲಿನ ಕಡೆಗೇ ವಾಲಬೇಕು ಅನ್ನುವ ಈ ನಿಲುವು ಸರಿಯಾಗಿದೆ. ಆದರೆ ಅಂಚೆಯವರಿಗೆ ಇದರಿಂದ ಎಷ್ಟೋ ಸಲ ವಿನಾಯಿತಿ ಇದ್ದೂ ಇಲ್ಲದಂತೆ ಆಗುತ್ತದೆ, ಯಾಕಂದರೆ ದೊಡ್ಡ ಖರೀದಿಗಳೆಲ್ಲ ಇಂಥ ಜಂಟಿ ಬಳಕೆಯವೇ.

ಈಗ ನಿಮ್ಮ ಲಂಚದ ಪ್ರಶ್ನೆ. ಟೆಂಡರ್ ನಿಯಮ ಹೋದ ಕೂಡಲೇ ಲೆಕ್ಕಪರಿಶೋಧನೆ ಹೋಗುವುದಿಲ್ಲ, ಲಂಚದ ವಿರುದ್ಧದ ಕಾನೂನೂ ಹೋಗುವುದಿಲ್ಲ. ಅದಕ್ಕಿಂತ ದೊಡ್ಡ ತಡೆ ವ್ಯಾಪಾರದಲ್ಲೇ ಇದೆ. ಬಂಧುವಿನ ಹತ್ತಿರ ದುಬಾರಿ ವ್ಯಾನ್ ಕೊಂಡರೆ ಪಾರ್ಸೆಲ್ ದರ ಏರಬೇಕು. ದರ ಏರಿದರೆ ಆನ್‌ಲೈನ್ ಅಂಗಡಿಗಳು ಮರುದಿನವೇ ಬೇರೆಯವರ ಹತ್ತಿರ ಹೋಗುತ್ತವೆ.

ಆದರೆ ಈ ತಡೆ ಕೆಲಸ ಮಾಡಬೇಕಾದರೆ ಒಂದು ಷರತ್ತು ಇದೆ. ನಷ್ಟ ಪಾರ್ಸೆಲ್ ವಿಭಾಗದ ಮೇಲೇ ಬೀಳಬೇಕು. ಪೈಪೋಟಿ ಇಲ್ಲದ ಪತ್ರಗಳ ಲಾಭ ತಂದು ಆ ತೂತು ಮುಚ್ಚುವಂತಿದ್ದರೆ ಭಯವೇ ಇರುವುದಿಲ್ಲ. ಇದು ಬರೀ ಊಹೆಯ ಮಾತಲ್ಲ. ಜರ್ಮನಿಯ ಡಾಯ್ಚ ಪೋಸ್ಟ್ ಪತ್ರಗಳ ಏಕಸ್ವಾಮ್ಯದ ಬಲದಿಂದ ಪಾರ್ಸೆಲ್ ದರವನ್ನು ಅಸಲಿಗಿಂತ ಕೆಳಗೆ ಇಡುತ್ತಿದೆ ಅಂತ 1994ರಲ್ಲಿ ಯುಪಿಎಸ್ ದೂರು ಕೊಟ್ಟಿತು. 2001ರ ಮಾರ್ಚ್‌ನಲ್ಲಿ ಕಮಿಷನ್ ತೀರ್ಪು ಕೊಟ್ಟಿತು. ಡಾಯ್ಚ ಪೋಸ್ಟ್ ತನ್ನ ಬಲವನ್ನು ದುರ್ಬಳಕೆ ಮಾಡಿದೆ ಅಂದಿತು. ದೊಡ್ಡ ಗಿರಾಕಿಗಳು ಬೇರೆಡೆ ಹೋಗದಂತೆ ಕೊಟ್ಟ ರಿಯಾಯಿತಿಗಾಗಿ 2.4 ಕೋಟಿ ಯೂರೋ ದಂಡ ಬಿತ್ತು. ಮುಖ್ಯವಾಗಿ, ಪಾರ್ಸೆಲ್ ವ್ಯವಹಾರವನ್ನು ಬೇರೆ ಕಂಪನಿಯಾಗಿ ಒಡೆಯಬೇಕಾಯಿತು. ಒಕ್ಕೂಟದ ಅಂಚೆ ಕಾನೂನಿನಲ್ಲಿ ಪ್ರತ್ಯೇಕ ಲೆಕ್ಕ ಇಡಬೇಕು ಅನ್ನುವ ನಿಯಮವೂ ಇದೇ ಕಾರಣಕ್ಕೆ ಇದೆ. ನನ್ನ ಅಭಿಪ್ರಾಯ ಇದು: ಲೆಕ್ಕದ ಪುಸ್ತಕ ಬೇರೆಬೇರೆಯಾಗಿ ಇಡದ ಅಂಚೆಗೆ ಟೆಂಡರ್ ವಿನಾಯಿತಿ ಕೊಡಲೇಬಾರದು, ಎದುರಾಳಿಗಳು ಎಷ್ಟೇ ಜಾಸ್ತಿ ಇರಲಿ.

ಮಾರುಕಟ್ಟೆ ನಿಂತ ನೀರಲ್ಲ ಅನ್ನುವುದೂ ಗಮನದಲ್ಲಿರಲಿ. ಡೆನ್ಮಾರ್ಕ್‌ನ ಅಂಚೆ 2000ದಲ್ಲಿ ಸುಮಾರು 140 ಕೋಟಿ ಪತ್ರ ಹಂಚುತ್ತಿತ್ತು. 2024ರಲ್ಲಿ ಅದು 11 ಕೋಟಿಗೆ ಇಳಿಯಿತು. 2025ರ ಕೊನೆಗೆ ಆ ಅಂಚೆಯನ್ನು ನಡೆಸುವ ಪೋಸ್ಟ್‌ನಾರ್ಡ್ ಕಂಪನಿ ಅಲ್ಲಿ ಪತ್ರ ಹಂಚುವುದನ್ನೇ ನಿಲ್ಲಿಸಿ ಪಾರ್ಸೆಲ್ ಕಂಪನಿಯಾಗಿ ಉಳಿಯಿತು. ನಾಲ್ಕು ಎದುರಾಳಿಗಳಿದ್ದ ಕಡೆ ಮೂವರು ಮುಚ್ಚಿಕೊಂಡು ಹೋಗಬಹುದು, ಅಥವಾ ಒಬ್ಬರಿಗೊಬ್ಬರು ಸೇರಿಕೊಳ್ಳಬಹುದು. ಅದಕ್ಕೇ ಕಮಿಷನ್ ತನ್ನ ತೀರ್ಮಾನಗಳಲ್ಲಿ ಇವತ್ತಿನ ಸ್ಥಿತಿ ನೋಡಿ ಇದನ್ನು ಕೊಟ್ಟಿದ್ದೇವೆ, ಸ್ಥಿತಿ ಬದಲಾದರೆ ಮತ್ತೆ ನೋಡುತ್ತೇವೆ ಅಂತ ಬರೆದಿಡುತ್ತದೆ.

‘ನಮ್ಮ ಅಂಚೆಗೂ ಹೀಗೆ ಮಾಡಬಹುದಾ?’ ಅಂತ ಇದರ ಬೆನ್ನಿಗೇ ಕೇಳುವವರಿದ್ದಾರೆ. ಭಾರತೀಯ ಅಂಚೆ ಕಂಪನಿಯಲ್ಲ, ಕೇಂದ್ರ ಸರ್ಕಾರದ ಇಲಾಖೆ. ಅದರ ಖರೀದಿಗೆ 2017ರ ಸಾಮಾನ್ಯ ಹಣಕಾಸು ನಿಯಮಗಳು ಮತ್ತು ಸರ್ಕಾರಿ ಖರೀದಿಯ ಆನ್‌ಲೈನ್ ಮಾರುಕಟ್ಟೆಯಾದ ಜೆಮ್ ಪೋರ್ಟಲ್ ಅನ್ವಯಿಸುತ್ತವೆ. ಯಾವ ಸೇವೆಗೆ ಎಷ್ಟು ಪೈಪೋಟಿ ಅಂತ ತೂಗಿ ವಿನಾಯಿತಿ ಕೊಡುವ ದಾರಿ ಆ ನಿಯಮಗಳಲ್ಲಿ ಇಲ್ಲ. 1986ರಲ್ಲಿ ಶುರುವಾದ ಸ್ಪೀಡ್ ಪೋಸ್ಟ್ ಮೊದಲಿನಿಂದಲೂ ಖಾಸಗಿ ಕೊರಿಯರ್‌ಗಳ ಎದುರು ಓಡುತ್ತಿದೆ. 1898ರ ಕಾಯ್ದೆ ಕೊಟ್ಟಿದ್ದ ಪತ್ರಗಳ ಏಕಸ್ವಾಮ್ಯ ಹೊಸ ಅಂಚೆ ಕಚೇರಿ ಕಾಯ್ದೆಯಲ್ಲಿ ಇಲ್ಲ. ಆ ಕಾಯ್ದೆ 2024ರ ಜೂನ್ 18ರಂದು ಜಾರಿಗೆ ಬಂತು. ಅಂದರೆ ಯುರೋಪಿನ ಎರಡು ಷರತ್ತುಗಳಲ್ಲಿ ಮೊದಲನೆಯದು ಈಗ ಇಲ್ಲೂ ಇದೆ. ಎರಡನೆಯದನ್ನು ತೂಗಬೇಕಾದರೆ ಸ್ಪೀಡ್ ಪೋಸ್ಟ್‌ನ ಖರ್ಚು ಯಾವುದು, ಹಳ್ಳಿಯ ಶಾಖಾ ಅಂಚೆ ಕಚೇರಿಯಿಂದ ಮನೆಮನೆಗೆ ಹೋಗುವ ಕಾರ್ಡಿನ ಖರ್ಚು ಯಾವುದು ಅಂತ ಬಿಡಿಸಿ ತೋರಿಸಬೇಕು. ಆಮೇಲೆ ಅದನ್ನು ಇಲಾಖೆಯ ಹೊರಗಿನವರು ಯಾರಾದರೂ ಪರೀಕ್ಷಿಸಬೇಕು. ಅದು ಆಗುವವರೆಗೆ ಜೆಮ್‌ನಲ್ಲೇ ವ್ಯಾನ್ ಕೊಳ್ಳಲಿ.