ಯಾವ ಪುಸ್ತಕದ ಯಮಾತೊ ತಕೇರು?

ಹಳೆಯ ಜಪಾನಿ ಪಠ್ಯಗಳನ್ನು ಓದಿಸುವ ನನ್ನಂಥವರ ಹತ್ತಿರ ಒಂದು ಬೇಡಿಕೆ ಮಾತ್ರ ತಪ್ಪದೆ ಬರುತ್ತದೆ. "ಯಮಾತೊ ತಕೇರುವಿನ ವಂಶವೃಕ್ಷ ಒಂದೇ ಹಾಳೆಯಲ್ಲಿ ಬರೆದುಕೊಡಿ." ಇವನು ಆ ಪಠ್ಯಗಳಲ್ಲಿ ಬರುವ ಪುರಾತನ ವೀರ ರಾಜಕುಮಾರ. ಗೇಮ್ ಆಡಿದವರು ಕೇಳುತ್ತಾರೆ, ಅನಿಮೆ ನೋಡಿದವರು ಕೇಳುತ್ತಾರೆ, ಜಪಾನಿಗೆ ಟೂರ್ ಹೋಗಿ ಬಂದವರೂ ಕೇಳುತ್ತಾರೆ. ಕೆಲವರು ತಾವೇ ಒಂದು ಪಟ ಮಾಡಿಕೊಂಡು ಬರುತ್ತಾರೆ. ಪ್ರೀತಿಯಿಂದ ಮಾಡಿರುತ್ತಾರೆ, ಬಣ್ಣವನ್ನೂ ಹಚ್ಚಿರುತ್ತಾರೆ. ಅದನ್ನು ನೋಡಿದರೆ ಬೈಯಲೂ ಆಗುವುದಿಲ್ಲ, ಸುಮ್ನೆ ಇರಲೂ ಆಗುವುದಿಲ್ಲ.

ಕುಮಾಸೊ ಬುಡಕಟ್ಟಿನ ನಾಯಕನನ್ನು ಹೆಣ್ಣುವೇಷದಲ್ಲಿ ಹೋಗಿ ಕೊಂದದ್ದು, ಕುಸನಾಗಿ ಕತ್ತಿ, ಸತ್ತ ಮೇಲೆ ಬಿಳಿ ಹಕ್ಕಿಯಾಗಿ ಹಾರಿದ್ದು, ಇದೆಲ್ಲ ನಿಮಗೆ ಗೊತ್ತಿದೆ ಅಂತ ಇಟ್ಟುಕೊಳ್ಳುತ್ತೇನೆ. ನನ್ನ ಪ್ರಶ್ನೆ ಒಂದೇ. ಯಾವ ಪುಸ್ತಕದ ವಂಶವೃಕ್ಷ ಬೇಕು? 712ರ ಕೊಜಿಕಿಯದೋ, 720ರ ನಿಹೊನ್ ಶೋಕಿಯದೋ? ಎರಡೂ ಜಪಾನಿನ ಅರಮನೆ ಬರೆಸಿದ ಹಳೆಯ ಚರಿತ್ರೆಗಳು. "ಎರಡನ್ನೂ ಸೇರಿಸಿ ಸರಿಯಾದದ್ದು ಕೊಡಿ" ಅನ್ನುತ್ತಾರೆ. ಗೋಳು ಶುರುವಾಗುವುದು ಇಲ್ಲೇ.

ಅವನ ಅಣ್ಣನನ್ನೇ ತೆಗೆದುಕೊಳ್ಳಿ. ಹುಟ್ಟಿದಾಗ ನಮ್ಮ ರಾಜಕುಮಾರನ ಹೆಸರು ಒಉಸು, ಅಣ್ಣನ ಹೆಸರು ಓಉಸು. ಇಬ್ಬರೂ 12ನೇ ದೊರೆ ಕೇಯ್ಕೊನ ಮಕ್ಕಳು, ತಾಯಿ ಹರಿಮಾ ಸೀಮೆಯವಳು. ನಿಹೊನ್ ಶೋಕಿಯಲ್ಲಿ ಇವರು ಅವಳಿ. ಕೊಜಿಕಿಯಲ್ಲಿ ಅದೇ ತಾಯಿಗೆ ಐದು ಗಂಡುಮಕ್ಕಳು, ಅವಳಿಯ ಮಾತೇ ಇಲ್ಲ. ಕೊಜಿಕಿಯಲ್ಲಿ ತಮ್ಮ ಅಣ್ಣನನ್ನು ಹಿಸುಕಿ, ಕೈಕಾಲು ಕಿತ್ತು, ಚಾಪೆಯಲ್ಲಿ ಸುತ್ತಿ ಎಸೆಯುತ್ತಾನೆ. ನಿಹೊನ್ ಶೋಕಿಯಲ್ಲಿ ಅಣ್ಣ ಪೂರ್ವದ ಯುದ್ಧಕ್ಕೆ ಹೆದರಿ ಓಡಿಹೋಗಿ, ಕೊನೆಗೆ ಮಿನೊ ಪ್ರಾಂತ್ಯದಲ್ಲಿ ಹಾಯಾಗಿ ನೆಲೆಸುತ್ತಾನೆ. ಇವನ್ನು ಸೇರಿಸಿದರೆ ಏನು ಬರುತ್ತದೆ? ಸತ್ತು ಬದುಕಿದ ಅಣ್ಣ ಬರುತ್ತಾನೆ. ಇನ್ನೂ ತಮಾಷೆ ಎಂದರೆ ಕೊಜಿಕಿ ಕೂಡ ಈ ಅಣ್ಣನಿಗೆ ಮಕ್ಕಳನ್ನು ಕೊಟ್ಟು, ಅವರಿಂದ ಬಂದ ಕುಲಗಳನ್ನು ಹೆಸರಿಸುತ್ತದೆ.

ಕೊಜಿಕಿಯಲ್ಲಿ ಇದಕ್ಕಿಂತ ದೊಡ್ಡ ಗಂಟೊಂದಿದೆ. ಕೇಯ್ಕೊ ಕಾಗುರೊಹಿಮೆ ಎಂಬವಳನ್ನು ಮದುವೆಯಾಗುತ್ತಾನೆ. ಅವಳು ಯಾರ ಮಗಳು ಅಂತ ಕಥೆಯ ಕೊನೆಯಲ್ಲಿರುವ ಪಟ್ಟಿಯನ್ನು ಹಿಡಿದು ಹೋದರೆ, ಯಮಾತೊ ತಕೇರುವಿನ ಮೊಮ್ಮಗನ ಮಗಳು. ಅಂದರೆ ದೊರೆ ಮದುವೆಯಾದದ್ದು ತನ್ನ ಮಗನ ಮರಿಮಗಳನ್ನು!

ನಿಹೊನ್ ಶೋಕಿ ಲೆಕ್ಕದ ಪುಸ್ತಕ, ವರ್ಷ ಕೊಡುತ್ತದೆ, ಅದನ್ನು ನಂಬಬಹುದಲ್ವಾ ಅಂತ ಕೇಳುವವರು ಜಾಸ್ತಿ. ಸರಿ, ಲೆಕ್ಕವನ್ನೇ ಹಾಕೋಣ. ಯಮಾತೊ ತಕೇರು ಸಾಯುವುದು ಕೇಯ್ಕೊ ಆಳ್ವಿಕೆಯ 43ನೇ ವರ್ಷ. ಕೇಯ್ಕೊ 60 ವರ್ಷ ಆಳುತ್ತಾನೆ. ಆಮೇಲೆ ಪಟ್ಟಕ್ಕೆ ಬರುವವನು ಯಮಾತೊ ತಕೇರುವಿನ ಮಲತಮ್ಮ ಸೇಯ್ಮು. ಸೇಯ್ಮುವಿನ 48ನೇ ವರ್ಷದಲ್ಲಿ ಯಮಾತೊ ತಕೇರುವಿನ ಮಗ ಚೂಆಯ್ ಯುವರಾಜನಾಗುತ್ತಾನೆ, ಆಗ ಅವನಿಗೆ 31 ವರ್ಷ. ಈಗ ಹಿಂದಕ್ಕೆ ಎಣಿಸಿ. ಅಪ್ಪ ಸತ್ತು ಸುಮಾರು 35 ವರ್ಷವಾದ ಮೇಲೆ ಮಗ ಹುಟ್ಟಿದ್ದಾನೆ.

ಹಾಗಾದರೆ ಚೂಆಯ್‌ನನ್ನು ಬಿಟ್ಟುಬಿಡೋಣವೇ? ಬಿಡಲು ಆಗುವುದಿಲ್ಲ. ರಾಜವಂಶದ ಎಳೆ ಹೋಗುವುದೇ ಅವನ ಮೂಲಕ. ಸೇಯ್ಮುವಿನ ನಂತರ ಪಟ್ಟ ಅವನ ಮಕ್ಕಳಿಗೆ ಹೋಗದೆ ಅಣ್ಣ ಯಮಾತೊ ತಕೇರುವಿನ ಈ ಮಗನಿಗೆ ಬರುತ್ತದೆ. ಚೂಆಯ್‌ನ ಹೆಂಡತಿ ಜಿಂಗೂ, ಮಗ ಓಜಿನ್. ಚೂಆಯ್‌ನ ತಾಯಿ ಫುತಾಜಿ 11ನೇ ದೊರೆ ಸುಯಿನಿನ್‌ನ ಮಗಳು, ಅಂದರೆ ಯಮಾತೊ ತಕೇರುವಿಗೆ ಸೋದರತ್ತೆ. ಇದನ್ನು ಕೇಳಿ ಮುಖ ಹುಳ್ಳಗೆ ಮಾಡುವವರಿದ್ದಾರೆ. ಆ ಅರಮನೆಯ ಪದ್ಧತಿ ಹಾಗಿತ್ತು, ಮುಂದೆ ಹೋಗೋಣ.

ನಾನು ಗಂಟಲು ಹರಿದುಕೊಂಡು ಹೇಳುವುದು ಇಷ್ಟೇ. ಇದು ರೇಷನ್ ಕಾರ್ಡ್ ಅಲ್ಲ. ಯಾರು ಯಾವ ಮನೆಯಲ್ಲಿ ಹುಟ್ಟಿದರು ಅಂತ ಯಾರೋ ನೋಡಿ ಬರೆದ ದಾಖಲೆ ಅಲ್ಲ. ಎಂಟನೇ ಶತಮಾನದ ಅರಮನೆ, ಆಗ ತನ್ನ ಎದುರಿಗಿದ್ದ ಕುಲಗಳಿಗೆ ಜಾಗ ಹಂಚಿ ಬರೆಸಿದ್ದು. ಕೇಯ್ಕೊನಿಗೆ 80 ಮಕ್ಕಳು ಅನ್ನುತ್ತದೆ ಕೊಜಿಕಿ, ಅವರಲ್ಲಿ 77 ಮಂದಿಯನ್ನು ಬೇರೆ ಬೇರೆ ಸೀಮೆಗಳಿಗೆ ಹಂಚಿದ ಅನ್ನುತ್ತದೆ. ಹಂಚಿದ್ದು ಮಕ್ಕಳನ್ನೋ ಸಂಬಂಧವನ್ನೋ ನೀವೇ ಯೋಚಿಸಿ. ಯಮಾತೊ ತಕೇರುವಿನ ಮಗ ಇನಾಯೊರಿವಾಕೆ ಇನುಕಾಮಿ ಕುಲದ ಮೂಲಪುರುಷ ಅಂತ ಬರೆದಿದೆ. 630ರಲ್ಲಿ ಚೀನಾದ ಟಾಂಗ್ ಅರಮನೆಗೆ ಜಪಾನ್ ಕಳಿಸಿದ ಮೊದಲ ರಾಯಭಾರಿ ಇದೇ ಕುಲದ ಇನುಕಾಮಿ ನೊ ಮಿತಾಸುಕಿ. ಅಂಥ ಮನೆಯವರಿಗೆ ಹಳೆಯ ವೀರನೊಬ್ಬ ಅಜ್ಜನಾಗಿ ಬೇಕಿದ್ದದ್ದು ಆಶ್ಚರ್ಯವೇನಲ್ಲ.

ಇದು ನನ್ನ ಅನುಮಾನವೊಂದೇ ಅಲ್ಲ. ಮನೆಮನೆಗಳಲ್ಲಿರುವ ರಾಜವಂಶದ ಪಟ್ಟಿಗಳಲ್ಲಿ ಸುಳ್ಳು ಸೇರಿಕೊಂಡಿದೆ, ಈಗಲೇ ತಿದ್ದದಿದ್ದರೆ ಕೆಡುತ್ತದೆ ಎಂದು ದೊರೆ ತೆಮ್ಮು ಕಳವಳಪಟ್ಟದ್ದನ್ನು ಕೊಜಿಕಿಯ ಮುನ್ನುಡಿಯೇ ಹೇಳುತ್ತದೆ. ನಿಹೊನ್ ಶೋಕಿಯಲ್ಲಿ ನನಗೆ ಬಹಳ ಇಷ್ಟವಾದ ಪ್ರಸಂಗವೊಂದಿದೆ. ದೊರೆ ಇಂಗ್ಯೊನ ಕಾಲಕ್ಕೆ ಎಲ್ಲರೂ ತಾವು ದೊಡ್ಡ ಕುಲದವರು ಅನ್ನತೊಡಗಿದ್ದರು. ಅಸುಕಾದ ಅಮಕಾಶಿ ಗುಡ್ಡದಲ್ಲಿ ಕುದಿನೀರಿನ ಹಂಡೆ ಇಡಿಸಿದ. ಕೈ ಅದ್ದಿ, ನಿಜ ಹೇಳಿದವರ ಕೈ ಸುಡುವುದಿಲ್ಲ ಅಂದ. ಸುಳ್ಳು ಹೇಳಿದವರು ಹಂಡೆ ನೋಡಿಯೇ ಹಿಂದೆ ಸರಿದರಂತೆ.

ಹಾಗಂತ ಎಲ್ಲ ಕಟ್ಟುಕಥೆ ಅಂತ ತಳ್ಳಿಹಾಕುವವರೂ ನನಗೆ ಬೇಡ. ಹಲವು ಯೋಧರ ನೆನಪುಗಳು ಒಬ್ಬನ ಹೆಸರಿಗೆ ಅಂಟಿಕೊಂಡಿವೆ ಅನ್ನುವುದು ಅನೇಕ ವಿದ್ವಾಂಸರ ಮಾತು. ನನಗೂ ಅದು ಸರಿ ಅನಿಸುತ್ತದೆ, ಆದರೆ ಪಣ ಕಟ್ಟಿ ಹೇಳಲಾರೆ.

ಆದ್ದರಿಂದ ನನ್ನ ಹತ್ತಿರ ಬಂದರೆ ಎರಡು ಹಾಳೆ ಸಿಗುತ್ತವೆ, ಮೇಲೆ ಪುಸ್ತಕದ ಹೆಸರು, ನಡುವೆ ಯಾವ ಗೆರೆಯೂ ಇಲ್ಲ. ಹಟ ಮಾಡುವವರಿಗೆ ಮೂರನೆಯದನ್ನೂ ತೋರಿಸುತ್ತೇನೆ. ಹಿತಾಚಿ ಪ್ರಾಂತ್ಯದ ಫುದೊಕಿಯಲ್ಲಿ, ಅಂದರೆ ಆ ಸೀಮೆಯ ವಿವರಗಳನ್ನು ಬರೆದಿಟ್ಟ ಹಳೆಯ ಪುಸ್ತಕದಲ್ಲಿ, ಯಮಾತೊ ತಕೇರು ರಾಜಕುಮಾರ ಅಲ್ಲವೇ ಅಲ್ಲ, ಅಲ್ಲಿ ಅವನು ಚಕ್ರವರ್ತಿ. ಆ ಪಟದಲ್ಲಿ ಸೇಯ್ಮುವನ್ನು ಎಲ್ಲಿ ಕೂರಿಸುವುದು ಅಂತ ಅವರೇ ಹೇಳಲಿ.