ಅರ್ಧ ಇಂಚಿನ ನಲ್ಲಿಯಲ್ಲಿ ಅರ್ಧ ಇಂಚು ಎಲ್ಲಿದೆ?

ಮೈಸೂರಿನ ನಮ್ಮ ಮನೆಗೆ ಆನ್‌ಲೈನಲ್ಲಿ ಒಂದು ನೀರಿನ ಫಿಲ್ಟರ್ ತರಿಸಿದ್ದೆ. ಡಬ್ಬಿಯ ಮೇಲೆ ‘ಅರ್ಧ ಇಂಚು’ ಅಂತಲೇ ಇತ್ತು. ಜಿಐ ಪೈಪಿಗೆ ಎರಡು ಮೂರು ಸುತ್ತು ಸಲೀಸಾಗಿ ಕೂತಿತು. ಆಮೇಲೆ ಟೆಫ್ಲಾನ್ ಟೇಪ್ ಎಷ್ಟು ಸುತ್ತಿದರೂ ತೊಟ್ಟಿಕ್ಕುವುದು ನಿಲ್ಲಲಿಲ್ಲ. ಪ್ಲಂಬರ್ ಬಂದವರೇ, ‘ಇದು ಅಮೆರಿಕಾ ಥ್ರೆಡ್ ಸಾರ್, ನಮ್ದಲ್ಲ’ ಅಂದರು. ಥ್ರೆಡ್ ಅಂದರೆ ತಿರುಗಿಸಿ ಕೂರಿಸಲು ಪೈಪಿನ ತುದಿಯಲ್ಲಿ ಕೊರೆದ ತಿರುಪಿನ ಸುರುಳಿ.

ಅರ್ಧ ಇಂಚು ಅಂದರೆ 12.7 ಮಿಲಿಮೀಟರ್ ಅಲ್ವಾ? ನಮ್ಮ ಅರ್ಧ ಇಂಚಿನ ಥ್ರೆಡ್ಡಿನ ಹೊರ ಅಳತೆ ಸುಮಾರು 21 ಮಿ.ಮೀ. ಆ ಹೆಸರು ಹಳೇ ಕಾಲದ ಪೈಪಿನ ತೂತಿನದು. ಆಗ ಪೈಪಿನ ಗೋಡೆ ದಪ್ಪ. ಆಮೇಲೆ ಗೋಡೆ ತೆಳುವಾಯಿತು. ಹೊರಗಿನ ಅಳತೆ ಬದಲಿಸಿದರೆ ಇದ್ದ ಫಿಟ್ಟಿಂಗ್‌ಗಳೆಲ್ಲ ಗುಜರಿಗೆ. ಹಾಗಾಗಿ ಒಳಗಿನ ತೂತೇ ದೊಡ್ಡದಾಯಿತು, ಹೆಸರು ಮಾತ್ರ ಉಳಿಯಿತು.

ಇಂಗ್ಲೆಂಡಿನಲ್ಲಿ ಮೊದಲು ಒಂದೊಂದು ವರ್ಕ್‌ಶಾಪಿಗೆ ಒಂದೊಂದು ಥ್ರೆಡ್. ಅಲ್ಲಿನ ಎಂಜಿನಿಯರ್ ಜೋಸೆಫ್ ವಿಟ್‌ವರ್ತ್ ಹಲವು ಕಡೆಯ ಸ್ಕ್ರೂಗಳನ್ನು ಕಲೆಹಾಕಿ, ಸರಾಸರಿ ತೆಗೆದು, 1841ರಲ್ಲಿ ಥ್ರೆಡ್ಡಿನ ಹಲ್ಲುಗಳ ನಡುವೆ 55 ಡಿಗ್ರಿ ಕೋನ ಇರುವ ಒಂದೇ ಪದ್ಧತಿ ಸೂಚಿಸಿದ. ಬ್ರಿಟಿಷ್ ಪೈಪ್ ಥ್ರೆಡ್, ಅಂದರೆ ಬಿಎಸ್‌ಪಿ, ಅದೇ ಜಾಡಿನದು. ಅಮೆರಿಕದವರು 60 ಡಿಗ್ರಿ ಹಿಡಿದರು. ಅಲ್ಲಿನ ಎಂಜಿನಿಯರ್ ರಾಬರ್ಟ್ ಬ್ರಿಗ್ಸ್ ಹಾಕಿಕೊಟ್ಟ ಪೈಪಿನ ಅಳತೆ 1886ರಲ್ಲಿ ಅಲ್ಲಿನ ಸ್ಟಾಂಡರ್ಡ್ ಆಯಿತು. ಅದೇ ಇವತ್ತಿನ ಎನ್‌ಪಿಟಿ, ಅಂದರೆ ಅಮೆರಿಕದ ಪೈಪ್ ಥ್ರೆಡ್.

ಹತ್ತಿರದ ಬೆಳಗೊಳದಿಂದ ಮೈಸೂರಿಗೆ ಪೈಪಿನಲ್ಲಿ ನೀರು ಬಂದದ್ದು 1896ರಲ್ಲಿ, ಬ್ರಿಟಿಷರ ಕಾಲ. ದೇಶಕ್ಕೆ ಬಂದ ಅಳತೆಯೂ ಅವರದೇ. 1956ರ ಕಾನೂನಿನ ನಂತರ ಸೇರು ಹೋಗಿ ಕಿಲೋ ಬಂತು, ಪೈಪಿನ ಥ್ರೆಡ್ ಮಾತ್ರ ಅಲ್ಲಾಡಲಿಲ್ಲ. ಐಎಸ್ 554 ಅನ್ನುವ ನಮ್ಮ ಸ್ಟಾಂಡರ್ಡ್‌ನಲ್ಲಿ ಇರುವುದು ಅದೇ 55 ಡಿಗ್ರಿ. ಫಿಟ್ಟಿಂಗ್ ಮೇಲೆ ಈಗ ಮಿಲಿಮೀಟರ್ ಲೆಕ್ಕದ ಹೆಸರಾಗಿ 15 ಅಂತ ಬರೆದಿದ್ದರೂ ಅಂಗಡಿಯಲ್ಲಿ ಕೇಳುವುದು ‘ಅರ್ಧ ಇಂಚು’.

ಮೋಸ ಇರುವುದು ಸಣ್ಣ ಸೈಜಿನಲ್ಲಿ. ಅರ್ಧ ಮತ್ತು ಮುಕ್ಕಾಲು ಇಂಚಿಗೆ ಎರಡೂ ಪದ್ಧತಿಯಲ್ಲಿ ಇಂಚಿಗೆ 14 ಸುತ್ತು. ಅದಕ್ಕೇ ಒಂದರೊಳಗೆ ಒಂದು ಹೋಗಿ ಕೂತಂತೆ ಕಾಣುತ್ತದೆ. ಕೋನ ಬೇರೆ, ಹಾಗಾಗಿ ಸಂದಿಯಲ್ಲಿ ನೀರು ದಾರಿ ಮಾಡಿಕೊಳ್ಳುತ್ತದೆ. ಒಂದು ಇಂಚಿನದು ಪ್ರಾಮಾಣಿಕ: ನಮ್ಮಲ್ಲಿ 11 ಸುತ್ತು, ಅವರಲ್ಲಿ 11.5, ಸ್ವಲ್ಪ ತಿರುಗಿಸುವಷ್ಟರಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ.

ಇನ್ನೊಂದು ವಿಷಯ. ಪೈಪಿನ ತುದಿಯ ಥ್ರೆಡ್ 16ಕ್ಕೆ 1ರಂತೆ ಸಣ್ಣಗಾಗುತ್ತಾ ಹೋಗುತ್ತದೆ, ಅಲ್ಲಿ ಟೇಪ್ ಬೇಕು. ಗೀಸರಿನ ಹೋಸ್ ನಟ್ಟಿನದು ನೇರ ಥ್ರೆಡ್, ಅಲ್ಲಿ ನೀರು ತಡೆಯುವುದು ಒಳಗಿನ ರಬ್ಬರ್ ವಾಷರ್. ಅದಕ್ಕೆ ಟೇಪ್ ಸುತ್ತುವುದು ಸುಮ್ನೆ ದಂಡ.

ನಮ್ಮ ಫಿಲ್ಟರಿಗೆ ಕೊನೆಗೆ ಒಂದು ಕಡೆ ಬಿಎಸ್‌ಪಿ, ಇನ್ನೊಂದು ಕಡೆ ಎನ್‌ಪಿಟಿ ಇರುವ ಹಿತ್ತಾಳೆ ಅಡಾಪ್ಟರ್ ಸಿಕ್ಕಿತು. ಫಿಲ್ಟರ್ ಬಂದದ್ದಕ್ಕಿಂತ ಅದು ಬರಲು ಜಾಸ್ತಿ ದಿನ ಹಿಡಿಯಿತು.