ಕ್ಯಾರಿಯರ್ ಮುರಿಯುವುದು ಭಾರಕ್ಕಲ್ಲ

ಕೋಲಾರದ ಟೊಮ್ಯಾಟೊ ಮಾರ್ಕೆಟ್‌ಗೆ ಹೋಗುವ ರಸ್ತೆಯಲ್ಲಿ ಬೆಳಿಗ್ಗೆ ಹೊತ್ತು ಬೈಕ್‌ಗಳ ಹಿಂಭಾಗ ನೋಡುತ್ತಾ ಹೋಗಿ. ಕ್ರೇಟ್ ಮೇಲೆ ಕ್ರೇಟ್ ಕಟ್ಟಿಕೊಂಡವರು, ಎರಡೂ ಕಡೆ ಹಾಲಿನ ಕ್ಯಾನ್ ನೇತುಹಾಕಿಕೊಂಡವರು, ಹಸುವಿಗೆ ಬೂಸಾ ಮೂಟೆ ಹೇರಿಕೊಂಡವರು. ಆ ಕಡೆ ಚಿಕ್ಕಬಳ್ಳಾಪುರದಲ್ಲಿ ಭಾನುವಾರವಾದರೆ ದೃಶ್ಯ ಸ್ವಲ್ಪ ಬೇರೆ. ನಂದಿ ಬೆಟ್ಟಕ್ಕೋ ಅಲ್ಲಿಂದಾಚೆಗೋ ಹೊರಟ ದೊಡ್ಡ ಬೈಕ್‌ಗಳಿಗೆ ಅಲ್ಯೂಮಿನಿಯಂ ಬಾಕ್ಸ್‌ಗಳು ಸಿಕ್ಕಿಸಿರುತ್ತವೆ. ಹಾಲಿನ ಕ್ಯಾನಿನ ಕೊಕ್ಕೆಗೂ ಸಾವಿರಾರು ರೂಪಾಯಿಯ ಬಾಕ್ಸ್ ಸ್ಟ್ಯಾಂಡ್‌ಗೂ ಬೆಲೆಯಲ್ಲಿ ಅಜಗಜಾಂತರ. ಆದರೆ ಕೈಕೊಡುವ ರೀತಿ ಮಾತ್ರ ಒಂದೇ. ಬೋಲ್ಟ್ ಲೂಸ್ ಆಗುತ್ತದೆ, ಇಲ್ಲವೇ ಕತ್ತರಿಸಿ ಹೋಗುತ್ತದೆ, ಇಲ್ಲವೇ ವೆಲ್ಡಿಂಗ್ ಪಕ್ಕದಲ್ಲೇ ಪಟ್ಟಿ ಬಿರುಕು ಬಿಡುತ್ತದೆ.

ಗ್ಯಾರೇಜಿನಲ್ಲಿ ಕೇಳಿದರೆ ಉತ್ತರ ರೆಡಿ ಇರುತ್ತದೆ. "ಲೋಡ್ ಜಾಸ್ತಿ ಆಯ್ತಣ್ಣ. ದಪ್ಪ ಬೋಲ್ಟ್ ಹಾಕ್ಬಿಡೋಣ." ಕೇಳೋಕೆ ಸರಿಯಾಗೇ ಇದೆ. ಆದರೆ ಲೆಕ್ಕ ಹಾಕಿದರೆ ಬೇರೆಯದೇ ಕಥೆ.

15 ಕೆಜಿಯ ಒಂದು ಟೊಮ್ಯಾಟೊ ಕ್ರೇಟ್ ತೆಗೆದುಕೊಳ್ಳಿ. ಅದರ ಭಾರ ಕ್ಯಾರಿಯರ್‌ನ ಹಿಂದಿನ ಬೋಲ್ಟಿನಿಂದ 30 ಸೆಂಟಿಮೀಟರ್ ಆಚೆ ಬೀಳುತ್ತಿದೆ, ಮುಂದಿನ ಬೋಲ್ಟ್ 10 ಸೆಂಟಿಮೀಟರ್ ಈಚೆ ಇದೆ ಅಂದುಕೊಳ್ಳೋಣ. ಸನ್ನೆಕೋಲಿನ ನಿಯಮದಂತೆ ಮುಂದಿನ ಬೋಲ್ಟನ್ನು ಮೇಲಕ್ಕೆ ಎಳೆಯುವ ಬಲ ಭಾರದ ಮೂರು ಪಟ್ಟು, ಅಂದರೆ 45 ಕೆಜಿ. ಹಂಪ್ ಹಾರಿದಾಗ ಅದು ಇನ್ನೂ ಮೂರು ಪಟ್ಟಾಯಿತು ಅಂತಲೇ ಇಟ್ಟುಕೊಳ್ಳಿ, 135 ಕೆಜಿ. ಇನ್ನು ಬೋಲ್ಟಿನ ತಾಕತ್ತು ನೋಡೋಣ. ತಲೆಯ ಮೇಲೆ 8.8 ಅಂತ (ಅದು ಬೋಲ್ಟಿನ ಗಟ್ಟಿತನದ ದರ್ಜೆ) ಬರೆದಿರುವ 8 ಮಿಲಿಮೀಟರ್ ಬೋಲ್ಟನ್ನು ನೇರವಾಗಿ ಎಳೆದರೆ ಅದು ಎರಡು ಟನ್ನಿಗೂ ಬಗ್ಗುವುದಿಲ್ಲ. ಎರಡು ಟನ್ ತಡೆಯುವುದು 135 ಕೆಜಿಗೆ ಹೇಗೆ ಮುರಿಯಿತು?

ಉತ್ತರ ಸಿಗಬೇಕಾದರೆ ಬೋಲ್ಟ್ ಏನು ಕೆಲಸ ಮಾಡುತ್ತದೆ ಅನ್ನುವುದನ್ನು ಸರಿಯಾಗಿ ತಿಳಿಯಬೇಕು. ತೂತಿನೊಳಗೆ ಗೂಟದ ಹಾಗೆ ನಿಂತು ಭಾರ ಹೊರುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ಹಾಗಲ್ಲ. ಬೋಲ್ಟ್ ಒಂದು ಗಟ್ಟಿ ಸ್ಪ್ರಿಂಗ್. ಟೈಟ್ ಮಾಡಿದಾಗ ಅದು ಸ್ವಲ್ಪ ಹಿಗ್ಗುತ್ತದೆ. ಹಿಗ್ಗಿದ್ದು ಮತ್ತೆ ಕುಗ್ಗಲು ನೋಡುವುದರಿಂದ ಎರಡು ಪಟ್ಟಿಗಳನ್ನು ಒಂದಕ್ಕೊಂದು ಅದುಮಿ ಹಿಡಿಯುತ್ತದೆ. 8 ಮಿಲಿಮೀಟರ್ ಬೋಲ್ಟ್ ಸರಿಯಾಗಿ ಟೈಟ್ ಆಗಿದ್ದರೆ ಈ ಹಿಡಿತ ಸುಮಾರು 1,600 ಕೆಜಿ ಇರುತ್ತದೆ. ಅಷ್ಟು ಜೋರಾಗಿ ಅದುಮಿದ ಎರಡು ಕಬ್ಬಿಣದ ಮುಖಗಳು ಪಕ್ಕಕ್ಕೆ ಜಾರಬೇಕಾದರೆ 200 ಕೆಜಿಗೂ ಮೀರಿದ ಬಲ ಬೇಕು. ಭಾರವನ್ನು ನಿಜವಾಗಿ ಹೊರುವುದು ಈ ಘರ್ಷಣೆ. ಹಿಡಿತ ಇರುವತನಕ ಹೊರಗಿನ ಕುಲುಕಾಟ ಬೋಲ್ಟಿನ ಒಳಗೆ ಹೆಚ್ಚೇನೂ ತಲುಪುವುದೇ ಇಲ್ಲ.

ಹಾಗಾದರೆ ಬೋಲ್ಟ್ ಎಷ್ಟು ಹಿಗ್ಗಿರುತ್ತದೆ? ಇಲ್ಲೇ ಇರುವುದು ಮಜಾ. ಕ್ಯಾರಿಯರ್ ಪಟ್ಟಿ, ಫ್ರೇಮ್ ಪಟ್ಟಿ, ವಾಷರ್ ಎಲ್ಲ ಸೇರಿ 10 ಮಿಲಿಮೀಟರ್ ದಪ್ಪ ಇದ್ದರೆ ಬೋಲ್ಟ್ ಹಿಗ್ಗುವುದು ಸುಮಾರು 0.02 ಮಿಲಿಮೀಟರ್. ನಮ್ಮ ತಲೆಗೂದಲಿನ ದಪ್ಪದಲ್ಲಿ ಮೂರನೇ ಒಂದು ಭಾಗ ಇರಬಹುದು. ಆ 1,600 ಕೆಜಿ ಹಿಡಿತ ಪೂರ್ತಿ ನಿಂತಿರುವುದು ಇಷ್ಟೇ ಇಷ್ಟು ಹಿಗ್ಗಿನ ಮೇಲೆ!

ಈಗ ಹೊಸ ಕ್ಯಾರಿಯರ್‌ನ ಕಪ್ಪು ಪೌಡರ್ ಕೋಟಿಂಗ್ ನೋಡಿ. ಒಂದೊಂದು ಪದರವೂ 0.06ರಿಂದ 0.1 ಮಿಲಿಮೀಟರ್ ದಪ್ಪ. ಪಟ್ಟಿಯ ಎರಡೂ ಮುಖಕ್ಕೆ ಕೋಟಿಂಗ್, ಅದರ ಕೆಳಗೆ ಬೈಕ್ ಫ್ರೇಮಿನ ಪೇಂಟ್. ಪೇಂಟ್ ಅಂದರೆ ಪ್ಲಾಸ್ಟಿಕ್ ಇದ್ದ ಹಾಗೆ. ಸತತವಾಗಿ ಅದುಮಿದರೆ ನಿಧಾನಕ್ಕೆ ಕುಗ್ಗುತ್ತದೆ, ಬಿಸಿಲಿಗೆ ನಿಂತರೆ ಇನ್ನೂ ಬೇಗ. ಎಲ್ಲ ಪದರ ಸೇರಿ ಬರೀ 0.01 ಮಿಲಿಮೀಟರ್ ಕುಗ್ಗಿದರೂ ಹಿಡಿತದಲ್ಲಿ ಅರ್ಧ ಹೋಯಿತು. 0.02 ಕುಗ್ಗಿದರೆ ಏನೂ ಉಳಿಯಲಿಲ್ಲ. ಗಮನಿಸಿ, ಇಲ್ಲಿಯವರೆಗೆ ನಟ್ ಒಂದು ಚೂರೂ ತಿರುಗಿಲ್ಲ. ಬೋಲ್ಟ್ ಹಾಕಿದಲ್ಲೇ ಇದೆ, ನೋಡೋಕೆ ಟೈಟಾಗೇ ಇದೆ.

ನಟ್ ತಿರುಗುವುದು ಇದರ ನಂತರದ ಹಂತ. ಲೆಕ್ಕದ ಪ್ರಕಾರ ಅದೂ ತಿರುಗಬಾರದು. 8 ಮಿಲಿಮೀಟರ್ ಬೋಲ್ಟಿನ ಥ್ರೆಡ್ಡನ್ನು ಬಿಡಿಸಿ ಹಾಸಿದರೆ ಅದರ ಇಳಿಜಾರು ಸುಮಾರು 3 ಡಿಗ್ರಿ ಅಷ್ಟೇ. ಕಬ್ಬಿಣದ ಮೇಲೆ ಕಬ್ಬಿಣ ಜಾರಲು ಸಾಮಾನ್ಯವಾಗಿ 8 ಡಿಗ್ರಿಯಾದರೂ ಬೇಕು. ಮತ್ತೆ ಹೇಗೆ ಬಿಚ್ಚಿಕೊಳ್ಳುತ್ತದೆ? ಒಂದು ಪುಸ್ತಕವನ್ನು ಸ್ವಲ್ಪ ಓರೆ ಮಾಡಿ ಅದರ ಮೇಲೆ ಬೆಂಕಿಪೊಟ್ಟಣ ಇಡಿ. ಅದು ಸುಮ್ನೆ ಕೂತಿರುತ್ತದೆ. ಈಗ ಬೆರಳಿನಿಂದ ಅದನ್ನು ಪಕ್ಕಕ್ಕೆ ತಳ್ಳಿ. ಪಕ್ಕಕ್ಕೆ ಹೋಗುತ್ತಾ ಹೋಗುತ್ತಾ ಕೆಳಕ್ಕೂ ಇಳಿಯುತ್ತದೆ, ಅಲ್ವಾ? ಒಂದು ದಿಕ್ಕಿನಲ್ಲಿ ಜಾರಲು ಶುರುವಾದ ಮೇಲೆ ಇನ್ನೊಂದು ದಿಕ್ಕಿನಲ್ಲಿ ತಡೆಯುವ ಘರ್ಷಣೆ ಉಳಿಯುವುದಿಲ್ಲ. ಪಟ್ಟಿಗಳು ಅಡ್ಡಡ್ಡ ಜಾರಿದಾಗ ಬೋಲ್ಟಿಗೂ ಇದೇ ಗತಿ. ಒಂದೊಂದು ಕುಲುಕಿಗೂ ನಟ್ ಆ 3 ಡಿಗ್ರಿ ಇಳಿಜಾರಿನಲ್ಲಿ ಕಣ್ಣಿಗೆ ಕಾಣದಷ್ಟು ಇಳಿಯುತ್ತದೆ. ಇದನ್ನು ಪ್ರಯೋಗ ಮಾಡಿ ತೋರಿಸಿದವರು ಜರ್ಮನಿಯ ಇಂಜಿನಿಯರ್ ಗೆರ್ಹಾರ್ಡ್ ಯುಂಕರ್, 1969ರಲ್ಲಿ. ಬೋಲ್ಟಿನ ಉದ್ದಕ್ಕೆ ಎಳೆದಾಡುವ ಬಲಕ್ಕಿಂತ ಅಡ್ಡಡ್ಡ ಜಾರುವಿಕೆಯೇ ನಟ್ ಬಿಚ್ಚುವುದರಲ್ಲಿ ನಿಸ್ಸೀಮ ಅಂತ ಅವರ ಯಂತ್ರ ತೋರಿಸಿತು. ನಟ್ ಬಿಚ್ಚುತ್ತದಾ ಅಂತ ಪರೀಕ್ಷೆ ಮಾಡಲು ಇವತ್ತಿಗೂ ಅದೇ ಬಗೆಯ ಯಂತ್ರ ಬಳಸುತ್ತಾರೆ.

ಆ ಪರೀಕ್ಷೆಯಲ್ಲಿ ಮರ್ಯಾದೆ ಕಳೆದುಕೊಂಡದ್ದು, ನಟ್ ಬಿಚ್ಚದಿರಲಿ ಅಂತ ಹಾಕುವ ನಮ್ಮೆಲ್ಲರ ನೆಚ್ಚಿನ ಸ್ಪ್ರಿಂಗ್ ವಾಷರ್. ಬೋಲ್ಟಿನ ಹಿಡಿತದ ಸಣ್ಣದೊಂದು ಪಾಲು ಬಲಕ್ಕೇ ಅದು ಚಪ್ಪಟೆಯಾಗಿಬಿಡುತ್ತದೆ. ಆಮೇಲೆ ಅದಕ್ಕೂ ಮಾಮೂಲಿ ವಾಷರ್‌ಗೂ ವ್ಯತ್ಯಾಸವಿಲ್ಲ. ಆದರೂ ಪ್ರತಿ ಕ್ಯಾರಿಯರ್ ಕಿಟ್‌ನಲ್ಲೂ ಎರಡೋ ನಾಲ್ಕೋ ಕೊಟ್ಟೇ ಕೊಡುತ್ತಾರೆ. ಹಾಕಲಿಲ್ಲ ಅಂದರೆ ಮೆಕ್ಯಾನಿಕ್‌ಗೂ ಸಮಾಧಾನ ಇರುವುದಿಲ್ಲ.

ಇನ್ನು ಮುರಿಯುವ ವಿಷಯ. ಸಿಂಗಲ್ ಸಿಲಿಂಡರ್ ಇಂಜಿನ್ 4,500 ಆರ್‌ಪಿಎಂನಲ್ಲಿ ಓಡುತ್ತಿದ್ದರೆ ಸೆಕೆಂಡಿಗೆ 75 ಸಲ ನಡುಗುತ್ತದೆ. ಕೋಲಾರದಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್, ಒಂದೂವರೆ ಗಂಟೆ ಅಂತ ಹಿಡಿಯಿರಿ. ಅಷ್ಟರಲ್ಲಿ ಕ್ಯಾರಿಯರ್ 4 ಲಕ್ಷ ಸಲ ನಡುಗಿರುತ್ತದೆ. ಒಂದೇ ಸಲಕ್ಕೆ ಮುರಿಯಲು ಬೇಕಾದ ಬಲಕ್ಕಿಂತ ಎಷ್ಟೋ ಕಡಿಮೆ ಬಲವನ್ನು ಲಕ್ಷಾಂತರ ಸಲ ಹಾಕಿದರೂ ಲೋಹ ಮುರಿಯುತ್ತದೆ. ಇದೇ ಲೋಹದ ದಣಿವು.

ಇದರ ಮೊದಲ ಪಾಠ ಕಲಿತದ್ದು ಗಣಿಯಲ್ಲಿ. ಕೋಲಾರದವರಿಗೆ ಗಣಿ ಅಂದರೆ ಹೊಸದಾಗಿ ಹೇಳಬೇಕಾಗಿಲ್ಲ. ಕೆಜಿಎಫ್‌ನ ಚಾಂಪಿಯನ್ ರೀಫ್ ಚಿನ್ನದ ಗಣಿ 3 ಕಿಲೋಮೀಟರ್‌ಗೂ ಆಳ ಇಳಿದಿತ್ತು. 2001ರಲ್ಲಿ ಮುಚ್ಚುವವರೆಗೂ ಅಲ್ಲಿ ಆಳು, ಅದಿರು ಎಲ್ಲ ಮೇಲೆ ಕೆಳಗೆ ಓಡಾಡಿದ್ದು ಉಕ್ಕಿನ ತಂತಿ ಹಗ್ಗದ ಮೇಲೆ. ಆ ತಂತಿ ಹಗ್ಗ ಹುಟ್ಟಿದ್ದೇ ಈ ದಣಿವಿನ ಕಾಟಕ್ಕೆ. ಜರ್ಮನಿಯ ಹಾರ್ಜ್ ಬೆಟ್ಟಗಳ ಗಣಿಗಳಲ್ಲಿ ಮೊದಲು ಕಬ್ಬಿಣದ ಸರಪಳಿ ಬಳಸುತ್ತಿದ್ದರು. ಭಾರ ಮಿತಿಯೊಳಗೇ ಇದ್ದರೂ ಅದು ಒಂದು ದಿನ ಇದ್ದಕ್ಕಿದ್ದಂತೆ ತುಂಡಾಗುತ್ತಿತ್ತು. ವಿಲ್ಹೆಲ್ಮ್ ಆಲ್ಬರ್ಟ್ ಎಂಬ ಗಣಿ ಅಧಿಕಾರಿ 1829ರ ಸುಮಾರಿಗೆ ಸರಪಳಿಗೆ ಮತ್ತೆ ಮತ್ತೆ ಭಾರ ಹಾಕಿ ತೆಗೆದು ಪರೀಕ್ಷೆ ಮಾಡಿದರು. 1834ರಲ್ಲಿ ಸರಪಳಿಯ ಬದಲಿಗೆ ಹೆಣೆದ ತಂತಿ ಹಗ್ಗ ತಂದರು. ಒಂದು ಎಳೆ ಹೋದರೂ ಉಳಿದವು ಹಿಡಿದಿರುತ್ತವೆ, ಮುರಿಯುವ ಮುಂಚೆ ಕಣ್ಣಿಗೂ ಕಾಣುತ್ತದೆ. ಆಮೇಲೆ ರೈಲಿನ ಆಕ್ಸಲ್‌ಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ಮಾಡಿದ ಆಗಸ್ಟ್ ವೋಲರ್ ಇನ್ನೊಂದು ಮುಖ್ಯ ವಿಷಯ ಕಂಡುಕೊಂಡರು. ಒಂದು ಮಿತಿಗಿಂತ ಕೆಳಗೆ ಕುಲುಕಿದರೆ ಉಕ್ಕು ಎಷ್ಟು ಲಕ್ಷ ಸಲವಾದರೂ ತಾಳಿಕೊಳ್ಳುತ್ತದೆ. ಅಲ್ಯೂಮಿನಿಯಂಗೆ ಅಂಥ ಸ್ಪಷ್ಟ ಮಿತಿ ಇಲ್ಲ. ಹಗುರ ಅಂತ ದುಬಾರಿ ಅಲ್ಯೂಮಿನಿಯಂ ಕ್ಯಾರಿಯರ್ ಹಾಕಿಸುವವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು.

ಈಗ ಎರಡನ್ನೂ ಜೋಡಿಸಿ ನೋಡಿ. ಹಿಡಿತ ಇದ್ದಾಗ ಬೋಲ್ಟಿಗೆ ಕುಲುಕಾಟ ಅಷ್ಟಾಗಿ ತಾಗುವುದಿಲ್ಲ. ಪೇಂಟ್ ಕುಗ್ಗಿ ಹಿಡಿತ ಹೋದ ದಿನದಿಂದ ಪ್ರತಿ ಕುಲುಕೂ ನೇರವಾಗಿ ಬೋಲ್ಟಿಗೇ. ಅಂದರೆ ಮುರಿದ ಬೋಲ್ಟ್ ಬಹಳ ಸಲ ಮೊದಲು ಲೂಸ್ ಆಗಿದ್ದ ಬೋಲ್ಟೇ. ಇದನ್ನು ದಪ್ಪದ ಬೋಲ್ಟಿನಿಂದ ಸರಿಮಾಡಲು ಹೊರಟರೆ ಪಟ್ಟಿಯ ತೂತು ದೊಡ್ಡದು ಮಾಡಬೇಕು. ತೂತಿನ ಸುತ್ತ ಉಳಿಯುವ ಪಟ್ಟಿ ಸಣ್ಣದಾಗುತ್ತದೆ. ಅಷ್ಟೇ ಹಿಡಿತಕ್ಕೆ ದಪ್ಪ ಬೋಲ್ಟ್ ಹಿಗ್ಗುವುದೂ ಕಡಿಮೆ, ಹಾಗಾಗಿ ಪೇಂಟ್ ಸ್ವಲ್ಪ ಕುಗ್ಗಿದರೂ ಇನ್ನೂ ಬೇಗ ಲೂಸ್. ಅದಕ್ಕಿಂತ ಉದ್ದದ ಬೋಲ್ಟ್ ಮೇಲು. ಮಧ್ಯೆ ಉಕ್ಕಿನ ಬುಷ್ (ಬೋಲ್ಟ್ ತೂರುವ ಕೊಳವೆ ತುಂಡು) ಇಟ್ಟು 10 ಮಿಲಿಮೀಟರ್ ದಪ್ಪವನ್ನು 40 ಮಾಡಿದರೆ, ಅದೇ 0.01 ಮಿಲಿಮೀಟರ್ ಕುಗ್ಗಿಗೆ ಹೋಗುವುದು ಅರ್ಧ ಹಿಡಿತವಲ್ಲ, ಎಂಟನೇ ಒಂದು ಪಾಲು.

ಮುರಿದ ಬೋಲ್ಟ್ ಸಿಕ್ಕರೆ ಬಿಸಾಕಬೇಡಿ. ತುಂಡಾದ ಮುಖವನ್ನು ಬಿಸಿಲಿಗೆ ಹಿಡಿದು ನೋಡಿ. ಒಂದು ಭಾಗ ನಯವಾಗಿರುತ್ತದೆ, ಸ್ವಲ್ಪ ತುಕ್ಕೂ ಹಿಡಿದಿರಬಹುದು, ಅದರಲ್ಲಿ ಅಂಚಿನಿಂದ ಒಳಕ್ಕೆ ಬಾಗಿದ ಸಣ್ಣ ಸಣ್ಣ ಗೆರೆಗಳು ಕಾಣಬಹುದು. ಇನ್ನೊಂದು ಭಾಗ ಒರಟು, ಹೊಳಪು. ನಯವಾದದ್ದು ಬಿರುಕು ಮೆಲ್ಲಗೆ ಬೆಳೆದ ಜಾಗ. ಒರಟಾದದ್ದು ಕೊನೆಯ ಕ್ಷಣದಲ್ಲಿ ಪಟ್ ಅಂದ ಜಾಗ. ನಯವಾದ ಭಾಗವೇ ಮುಕ್ಕಾಲು ಪಾಲು ಇದ್ದರೆ ಭಾರ ಕಡಿಮೆಯೇ ಇತ್ತು, ಬೋಲ್ಟ್ ಬಹಳ ದಿನದಿಂದ ಸಾಯುತ್ತಿತ್ತು ಅಂತ ಅರ್ಥ. ಬಹುತೇಕ ಒರಟೇ ಆಗಿದ್ದರೆ ಆಗ "ಲೋಡ್ ಜಾಸ್ತಿ" ಅನ್ನುವ ಮಾತು ಒಪ್ಪಬಹುದು. ಮುರಿದದ್ದು ಎಲ್ಲಿ ಅಂತಲೂ ನೋಡಿ. ನಟ್ ಶುರುವಾಗುವ ಮೊದಲ ಥ್ರೆಡ್‌ನಲ್ಲೇ ಹೆಚ್ಚು. ಒಟ್ಟು ಎಳೆತದ ಸುಮಾರು ಮೂರನೇ ಒಂದು ಭಾಗ ಆ ಒಂದೇ ಥ್ರೆಡ್ ಮೇಲೆ ಬೀಳುತ್ತದೆ.

ವೆಲ್ಡಿಂಗ್ ಬಗ್ಗೆ ಒಂದು ಮಾತು. ನಮ್ಮ ಕಡೆ ವೆಲ್ಡರ್‌ಗಳ ಕೈಚಳಕ ಕಡಿಮೆಯೇನಲ್ಲ. ಆದರೆ ಬಿರುಕಿನ ಮೇಲೆ ದಪ್ಪಗೆ ವೆಲ್ಡ್ ಹೊಡೆದರೆ ಮುಂದಿನ ಬಿರುಕು ಆ ವೆಲ್ಡ್‌ನ ಅಂಚಿನಲ್ಲಿ ಬರುತ್ತದೆ. ಗಟ್ಟಿ ಭಾಗ ಮುಗಿದು ತೆಳು ಭಾಗ ಶುರುವಾಗುವ ಕಡೆಯೇ ಬಾಗುವುದೆಲ್ಲ ಒಟ್ಟಾಗುತ್ತದೆ. ಬಿರುಕಿನ ಮೇಲೆ ಪಟ್ಟಿ ಕೂರಿಸುವ ಬದಲು ಕ್ಯಾರಿಯರ್‌ನ ಹಿಂದಿನ ತುದಿಯಿಂದ ಕೆಳಗೆ ಫ್ರೇಮ್‌ಗೆ ಒಂದು ಓರೆ ಕಂಬಿ ಕೊಡಿಸಿ. ಆಚೆ ಚಾಚಿಕೊಂಡು ತೂಗುತ್ತಿದ್ದದ್ದು ತ್ರಿಕೋನವಾಗುತ್ತದೆ, ಬಾಗುವುದು ಬಹಳ ಕಡಿಮೆಯಾಗುತ್ತದೆ. ಬಿರುಕು ಬೈಕ್ ಫ್ರೇಮ್‌ನಲ್ಲೇ ಇದ್ದರೆ ವೆಲ್ಡ್‌ಗೆ ಮುಂಚೆ ಬ್ಯಾಟರಿ ಕನೆಕ್ಷನ್ ತೆಗೆಯಿರಿ. ಈಗಿನ ಬೈಕ್‌ಗಳ ಎಲೆಕ್ಟ್ರಾನಿಕ್ಸ್ ವೆಲ್ಡಿಂಗ್ ಕರೆಂಟ್ ತಡೆಯುವುದಿಲ್ಲ.

ಹಾಲು ಹಾಕುವವರ ಸಮಸ್ಯೆ ಸ್ವಲ್ಪ ಬೇರೆ. 40 ಲೀಟರ್ ಹಾಲೇ 41 ಕೆಜಿ ತೂಗುತ್ತದೆ, ಕ್ಯಾನಿನ ತೂಕ ಅದರ ಮೇಲೆ. ತುಂಬಿದ ಕ್ಯಾನ್ ಕೊಕ್ಕೆಯಲ್ಲಿ ಭದ್ರವಾಗಿ ಕೂತಿರುತ್ತದೆ, ಒಳಗೆ ಹಾಲೂ ತುಳುಕುವುದಿಲ್ಲ. ಅರ್ಧ ತುಂಬಿದ್ದರೆ ತಿರುವಿನಲ್ಲಿ ತುಳುಕಿ ಎಳೆಯುತ್ತದೆ. ಡೈರಿಗೆ ಹಾಕಿ ಖಾಲಿ ಕ್ಯಾನ್ ತಗೊಂಡು ಬರುವಾಗ ಅದು ಪ್ರತಿ ಗುಂಡಿಗೂ ಎಗರಿ ಕೊಕ್ಕೆಗೆ ಬಡಿಯುತ್ತದೆ. ಖಾಲಿಯಲ್ವಾ ಅಂತ ಯಾರೂ ಬಿಗಿಯುವುದಿಲ್ಲ. ಕೊಕ್ಕೆಯ ಬುಡಕ್ಕೆ ಈ ಬಡಿತವೂ ಒಳ್ಳೆಯದಲ್ಲ. ಹಳೇ ಸೈಕಲ್ ಟ್ಯೂಬ್ ಒಂದು ಸುತ್ತು ಬಿಗಿದರೆ ಸಾಕು.

ಹಾಗಾದರೆ ಹೊಸ ಕ್ಯಾರಿಯರ್ ಹಾಕಿಸುವಾಗ ಏನು ಮಾಡಬೇಕು? ಬೋಲ್ಟ್ ಕೂರುವ ಮುಖದಲ್ಲಿ ವಾಷರ್ ಅಗಲದಷ್ಟು ಕೋಟಿಂಗ್ ಕೆರೆಸಿ, ಟೈಟ್ ಆದ ಮೇಲೆ ಅಂಚಿಗೆ ಸ್ವಲ್ಪ ಪೇಂಟ್ ಹಚ್ಚಿ. ಬೋಲ್ಟ್ ತಲೆಯ ಮೇಲೆ ನಂಬರ್ ಇಲ್ಲದಿದ್ದರೆ ಅದನ್ನು ನಂಬಬೇಡಿ. ಕುಲುಕು ತಡೆಯಲಿ ಅಂತ ಬರೀ ರಬ್ಬರ್ ವಾಷರ್ ಮೇಲೆ ಬಿಗಿದರೆ ಹಿಡಿತವೇ ಹುಟ್ಟುವುದಿಲ್ಲ. ರಬ್ಬರ್ ಬೇಕೇ ಬೇಕು ಅಂದರೆ ಒಳಗೆ ಉಕ್ಕಿನ ಬುಷ್ ಇರುವಂಥದ್ದು ಹಾಕಿಸಿ, ಬೋಲ್ಟ್ ಅದುಮುವುದು ಬುಷ್ಷನ್ನು ಆಗಿರಲಿ. ತೂತಿಗೆ ತೂತು ಕೂರದೆ ಸ್ಕ್ರೂಡ್ರೈವರ್ ಹಾಕಿ ಎಳೆದು ಕೂರಿಸುವುದಂತೂ ಬೇಡವೇ ಬೇಡ. ಎಲ್ಲ ಬೋಲ್ಟ್ ಸಡಿಲವಾಗಿ ಹಾಕಿ, ಆಮೇಲೆ ಒಂದೊಂದಾಗಿ ಬಿಗಿಯಬೇಕು. ಬೈಕಿನ ಪುಸ್ತಕದಲ್ಲಿ ಬಿಗಿಯುವ ಅಳತೆ ಕೊಟ್ಟಿದ್ದರೆ ಅದೇ ಅಂತಿಮ. ಇಲ್ಲದಿದ್ದರೆ 8 ಮಿಲಿಮೀಟರ್‌ನ 8.8 ಬೋಲ್ಟಿಗೆ ಸಾಮಾನ್ಯವಾಗಿ 25 ನ್ಯೂಟನ್ ಮೀಟರ್. ಬೋಲ್ಟಿನಿಂದ 20 ಸೆಂಟಿಮೀಟರ್ ದೂರದಲ್ಲಿ ಸ್ಪ್ಯಾನರ್ ಹಿಡಿದು 12-13 ಕೆಜಿ ಬಲ ಹಾಕಿದಷ್ಟು. ಆ ಶ್ರಮದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಘರ್ಷಣೆಯಲ್ಲೇ ಹೋಗುತ್ತದೆ, ಬೋಲ್ಟನ್ನು ಹಿಗ್ಗಿಸುವುದು ಉಳಿದ ಒಂದು ಪಾಲು ಮಾತ್ರ. ತುಕ್ಕು ಹಿಡಿದ ಥ್ರೆಡ್ ಆದರೆ ಆ ಒಂದು ಪಾಲೂ ಸಿಗುವುದಿಲ್ಲ. ಕೈಗೆ ಟೈಟ್ ಅನಿಸುತ್ತದೆ, ಒಳಗೆ ಹಿಡಿತವಿರುವುದಿಲ್ಲ.

ಒಳಗೆ ನೈಲಾನ್ ಉಂಗುರ ಇರುವ ನಟ್, ಥ್ರೆಡ್ಡಿಗೆ ಹಚ್ಚುವ ನೀಲಿ ಅಂಟು (ಥ್ರೆಡ್ ಲಾಕ್) ಎರಡೂ ಒಳ್ಳೆಯವೇ. ನಟ್ ಪೂರ್ತಿ ಉದುರಿ ಹೋಗದಂತೆ ತಡೆಯುತ್ತವೆ. ಕಳೆದುಹೋದ ಹಿಡಿತವನ್ನು ವಾಪಸ್ ತರುವುದಿಲ್ಲ.

ಬಿಗಿದ ಮೇಲೆ ನಟ್‌ನಿಂದ ಪಟ್ಟಿಯವರೆಗೆ ಪೇಂಟ್ ಮಾರ್ಕರ್‌ನಿಂದ ಒಂದು ಗೆರೆ ಎಳೆಯಿರಿ. ಒಂದು ವಾರ ಲೋಡ್ ಹೊತ್ತು ಓಡಾಡಿದ ಮೇಲೆ ಬಗ್ಗಿ ನೋಡಿ. ಗೆರೆ ತುಂಡಾಗಿದ್ದರೆ ನಟ್ ತಿರುಗಿದೆ, ಪಟ್ಟಿ ಎಲ್ಲೋ ಜಾರುತ್ತಿದೆ. ಗೆರೆ ನೇರವಾಗಿದ್ದೂ ವಾಷರ್ ಸುತ್ತ ಕಂದುಗೆಂಪು ಪುಡಿ ಕಂಡರೆ ನಟ್ ತಿರುಗಿಲ್ಲ, ಪೇಂಟ್ ಕುಗ್ಗಿ ಹಿಡಿತ ಹೋಗಿದೆ, ಕಬ್ಬಿಣದ ಮೇಲೆ ಕಬ್ಬಿಣ ಉಜ್ಜುತ್ತಿದೆ. ಬರೀ ಬಟ್ಟೆಯಲ್ಲಿ ಒರೆಸಿ ಸುಮ್ಮನಾಗಬೇಡಿ. ಬಿಚ್ಚಿ, ಕೆರೆದು, ಹೊಸ ಬೋಲ್ಟ್ ಹಾಕಿ ಬಿಗಿಸಿ.